ಸಂಕಟಕಾಲದಲ್ಲಿ ಸೂಜಿ-ನೂಲು

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ವಿಷಯವನ್ನಾರಿಸುವುದಕ್ಕಾಗಿ ನಾವು ಬಹಳ ವಿಚಾರಿಸಬೇಕಾಗಲಿಲ್ಲ. ಈಚಿನ ವರುಷಗಳಲ್ಲಿ ಪಾಲಕರ ಸಭೆಗಳಲ್ಲಿ ಮೇಲಿಂದಮೇಲೆ ಕೇಳಿಬರುವ ಪ್ರಶ್ನೆಯೊಂದುಂಟು. “ಸಿದ್ಧವಾದ ಬಟ್ಟೆಬರೆಗಳು ಪೇಟೆಯಲ್ಲಿ ಅಗ್ಗವಾಗಿ ದೊರೆಯುತ್ತಿರುವಾಗ ಹುಡುಗಿಯರಿಗೆ ಹೊಲಿಗೆಯ ತಾಸು ಏತಕ್ಕೆ? ಅದನ್ನೇ ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟರೆ ಪರೀಕ್ಷೆಯಲ್ಲಿ ನಾಲ್ಕು ಅಂಕಗಳು ಹೆಚ್ಚು ಬಂದಾವಲ್ಲವೆ?” ಎಂಬುದೇ ಆ ಪ್ರಶ್ನೆ. ಕೇಳುವವರು ತಮ್ಮ ಮಕ್ಕಳ ಹಿತವನ್ನು ಬಯಸಿಯೇ ಕೇಳುವರಾದ್ದರಿಂದ ಅದನ್ನು ಹಗುರಾಗಿ ತಳ್ಳಿಹಾಕುವುದು ತರವಲ್ಲ. ಆದರೆ ಆ ತಾಸಿನ ಪ್ರಯೋಜನವು ಸುಖದ ದಿನಗಳಲ್ಲಿ ಕಣ್ಣಿಗೆ ಬೀಳುವಂಥದಲ್ಲ. ಸಂಕಟದ ದಿನಗಳಲ್ಲಿಯೇ ಅದರ ಬೆಲೆ ತಿಳಿಯುತ್ತದೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಮನೆತನದ ಮೇಲೆ ಬಂದೊದಗಿದ ಒಂದು ದುಃಖದಿಂದ ಕಲಿತವರು. ಅದನ್ನು ಈ ಶಾಲೆಯ ಹಿರಿಯ ಕಿರಿಯ ಸೋದರಿಯರ ಮುಂದೆಯೂ ಪಾಲಕರ ಮುಂದೆಯೂ ಇಡುವುದೇ ಈ ಲೇಖದ ಉದ್ದೇಶವು.

ಮೊದಲು ನಮ್ಮ ನಾಡಿನ ಮಾತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದೇ ರೈಲುಹಾದಿಯ ಮೇಲೆ ಒಂದರ ಹಿಂದೊಂದರಂತೆ ಬರುವ ಊರುಗಳು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವು ಮೂರೂ ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ಯಾಡಗಿಯೆಂದರೆ ಜನರಿಗೆ ಕೆಂಪು ಮೆಣಸಿನಕಾಯಿಯೇ ನೆನಪಾಗುವುದು. ಆದರೆ ಈ ಸೀಮೆಯ ಎರೆಭೂಮಿಯು ಹತ್ತಿಗೂ ತವರುಮನೆ. ರಾಣೆಬೆನ್ನೂರು ಹತ್ತಿಯ ಪೇಟೆಗೂ ಬೀಜದ ವ್ಯಾಪಾರಕ್ಕೂ ಹೆಸರಾದುದು. ಸಂಕರ ಹತ್ತಿಯ ಬೀಜವನ್ನು ಸಿದ್ಧಗೊಳಿಸುವಾಗ ಒಂದೊಂದು ಹೂವಿನ ಕೇಸರಗಳನ್ನೂ ಕೈಯಿಂದ ಬಿಡಿಸಿ, ಬೇರೊಂದು ಗಿಡದ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕಾಗುತ್ತದೆ. ಈ ನಾಜೂಕಿನ ಕೆಲಸದಲ್ಲಿ ದುಡಿಯುವವು ಹೆಚ್ಚಾಗಿ ಹೆಂಗಸರ ಬೆರಳುಗಳೇ. ಅದೇ ತಾಲೂಕಿನ ಮೇಡ್ಲೇರಿಯಲ್ಲಿ ಕಂಬಳಿಯ ಮಗ್ಗಗಳುಂಟು. ಕುರಿಯ ಉಣ್ಣೆಯನ್ನು ಬಿಡಿಸಿ ನೂತು, ಹಾಸಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿರುಸುಗೊಳಿಸಿ ನೇಯ್ದ ಕಂಬಳಿಯು ಮಳೆಗೂ ಚಳಿಗೂ ಒಕ್ಕಲಿಗನ ಮೈಗಾವಲು. ಕನಕದಾಸರ ಹೆಸರಿನೊಡನೆ ಬೆಸೆದುಕೊಂಡಿರುವ ಕಾಗಿನೆಲೆಯು ಬ್ಯಾಡಗಿಯ ತಾಲೂಕಿನಲ್ಲಿಯೇ ಇದೆ. ಕನಕದಾಸರ ಚಿತ್ರವನ್ನು ಬರೆಯುವವರು ಅವರ ಹೆಗಲಿನ ಕಂಬಳಿಯನ್ನು ಮರೆಯುವುದಿಲ್ಲ.

ಇಂಥ ನಾಡಿನಲ್ಲಿ ನೂಲು ಬರಿಯ ಹೊಟ್ಟೆಯ ಪಾಡಾಗಿ ಮಾತ್ರ ಉಳಿಯಲಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯೆಂಬವಳು ನೂಲುವ ಕಾಯಕದವಳು. ಅವಳು ತಾನು ತಿರುವುವ ರಾಟೆಯನ್ನೇ ಉಪಮೆಯನ್ನಾಗಿ ಮಾಡಿಕೊಂಡು ತನ್ನ ಅನುಭಾವವನ್ನು ನುಡಿದಳು. ನಮ್ಮ ಕಾಲಕ್ಕೆ ಸಮೀಪದ ದೃಷ್ಟಾಂತವನ್ನು ಹೇಳುವುದಾದರೆ, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರ ದಾಂಡೀ ಯಾತ್ರೆಯಲ್ಲಿ ಗಾಂಧೀಜಿಯವರ ಸಂಗಡ ನಡೆದರು. ಆ ಯಾತ್ರಿಕರು ಎಷ್ಟು ದಣಿದಿದ್ದರೂ ದಿನಾಲು ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು ಎಂಬ ನಿಯಮವಿತ್ತು. ಇದಕ್ಕೂ ಮೊದಲು, 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸು, ಸದಸ್ಯರಾದವರು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂದು ಗೊತ್ತುಪಡಿಸಿತ್ತು. ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಮಡಿದರು. ಅಷ್ಟು ದೊಡ್ಡ ಹೋರಾಟದ ನಡುವೆ ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಸ್ಥಾನವನ್ನೇಕೆ ಕೊಟ್ಟರೆಂದು ನಾವು ವಿದ್ಯಾರ್ಥಿದೆಸೆಯಲ್ಲಿ ಆಶ್ಚರ್ಯಪಡುತ್ತಿದ್ದೆವು. ಸೆರೆಮನೆಯಲ್ಲಿಯೂ ಕದಡದಿರಬೇಕಾದ ಮನಸ್ಸಿಗೆ ದಿನಕ್ಕೊಂದು ಎಳೆಯ ಆಧಾರವು ಬೇಕಾಗುತ್ತದೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಮಿಶನ್ ಸಂಸ್ಥೆಗಳ ಚರಿತ್ರೆಯಲ್ಲಿಯೂ ಬಟ್ಟೆಯ ಕಸಬು ದಿಕ್ಕುಗೆಟ್ಟವರಿಗೆ ಆಸರೆಯಾದುದುಂಟು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದರು. ಕ್ರೈಸ್ತರಾದ ಕಾರಣಕ್ಕೆ ಮನೆಯನ್ನೂ ಕಸಬನ್ನೂ ಕಳೆದುಕೊಂಡವರಿಗಾಗಿ ಅದೇ ಮಿಶನ್ನು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಕಟ್ಟಿತು. 1851ರಲ್ಲಿ ಬಂದ ಹಾಲರ್ ಎಂಬ ಮಿಶನರಿಯು ತಾನೇ ನೇಯ್ಗೆ ಬಲ್ಲವನಾಗಿದ್ದು ಅಲ್ಲಿ ಸುಧಾರಿಸಿದ ಮಗ್ಗವನ್ನು ಹೂಡಿದನು. ಮಿಶನ್ನಿನ ಬಾಲಿಕಾಶಾಲೆಗಳಲ್ಲಿ ಅಕ್ಷರದ ಜೊತೆಗೆ ಸೂಜಿಯೂ ಹುಡುಗಿಯ ಕೈಗೆ ಬಂದಿತು. ನಮ್ಮ ಶಾಲೆಯ ಹೊಲಿಗೆಯ ತಾಸು ಆ ಹಳೆಯ ಬಳ್ಳಿಯ ಒಂದು ಕುಡಿಯು.

ಆ ತಾಸಿನ ನೆನಪು ಹಳೆಯ ವಿದ್ಯಾರ್ಥಿನಿಯರಿಗೆ ಹೇಳಿ ತರಿಸಬೇಕಾದುದಲ್ಲ. ನಮ್ಮ ಹೊಲಿಗೆಯ ಅಕ್ಕೋರು ಕಸೂತಿಯನ್ನು ಕಲಿಸುವಾಗ ಅರಿವೆಯ ಮೇಲೆ ಸೀಸಕಡ್ಡಿಯಿಂದ ಒಂದು ಗೆರೆಯನ್ನೂ ಎಳೆಯಗೊಡುತ್ತಿರಲಿಲ್ಲ. ಕಸೂತಿಯು ಎಣಿಕೆಯ ವಿದ್ಯೆ. ಅರಿವೆಯ ಎಳೆಗಳನ್ನೆಣಿಸಿ ಸೂಜಿಯನ್ನು ಇಳಿಸಬೇಕು, ಎಣಿಸಿಯೇ ಎತ್ತಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಮುರಗಿಗಳು ಮೇಲೂ ಕೆಳಗೂ ಒಂದೇ ತೆರನಾಗಿ ಕಾಣಬೇಕು, ಗಂಟು ಹಾಕುವಂತಿಲ್ಲ. ಅಕ್ಕೋರು ನಮ್ಮ ಕೆಲಸವನ್ನು ಕೈಗೆ ತೆಗೆದುಕೊಂಡೊಡನೆ ಮೊದಲು ಅದರ ಬೆನ್ನನ್ನು ತಿರುಗಿಸಿ ನೋಡುವರು. ಗೋಪುರ, ತೇರು, ಆನೆ ಎಲ್ಲವೂ ಆಮೇಲೆ. ಎಳೆಗಳನ್ನೆಣಿಸುತ್ತ ಕುಳಿತ ನಲವತ್ತು ಹುಡುಗಿಯರ ಕೋಣೆಯಲ್ಲಿ ತುಟಿಗಳ ಅಲುಗಾಟವನ್ನುಳಿದು ಬೇರೆ ಸದ್ದಿರುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ನಾವು ಮದುವೆಯಾಗಿ ಹಾವೇರಿಯಲ್ಲಿ ಇರುವವರು. ತವರುಮನೆಯು ಬ್ಯಾಡಗಿಯಲ್ಲಿ, ಅಲ್ಲಿ ನಮ್ಮ ಅವ್ವ ಒಬ್ಬಳೇ ಇರುತ್ತಾಳೆ. ಇದೇ ಶಾಲೆಯಲ್ಲಿ ಓದಿದ ನಮ್ಮ ತಂಗಿಯನ್ನು ರಾಣೆಬೆನ್ನೂರಿಗೆ ಕೊಟ್ಟಿತ್ತು. ಅವಳ ಗಂಡ ಬೀಜದ ವ್ಯಾಪಾರದವರು. ಒಂದೂರಿಂದ ಇನ್ನೊಂದೂರಿಗೆ ಎರಡು ಗಳಿಗೆಯ ದಾರಿಯಾದುದರಿಂದ ನಾವು ಮೂವರೂ ಬೇರೆ ಬೇರೆ ಊರಿನವರೆಂದು ಎಂದೂ ಎಣಿಸಿದ್ದಿಲ್ಲ. ಆದರೆ 2021ರ ಮೇ ತಿಂಗಳಲ್ಲಿ, ಕೋವಿಡ್ ಮಹಾಮಾರಿಯ ಎರಡನೆಯ ಅಲೆಯು ಎದ್ದು ಸಂಚಾರವು ನಿಂತುಹೋದಾಗ, ಆ ಎರಡು ಗಳಿಗೆಯ ದಾರಿಯು ಏಳು ಸಮುದ್ರಗಳಷ್ಟು ಅಗಲವಾಯಿತು. ಆ ತಿಂಗಳ ಮೊದಲ ವಾರದಲ್ಲಿ ತಂಗಿಯ ಗಂಡನಿಗೆ ಜ್ವರ ಬಂದಿತು. ನಾಲ್ಕನೆಯ ದಿನ ಉಸಿರಿನ ತೊಂದರೆಯಾಗಿ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ರೋಗಿಯ ಬಳಿಯಲ್ಲಿ ಯಾರೂ ಇರುವಂತಿರಲಿಲ್ಲ. ದಿನಕ್ಕೊಮ್ಮೆ, ಸಂಜೆ ಏಳು ಗಂಟೆಯ ಸುಮಾರಿಗೆ, ಫೋನಿನಲ್ಲಿ ಎರಡು ಮಾತಿನ ಸಮಾಚಾರ ಬರುವುದು, ಅಷ್ಟೇ. ತಂಗಿಯು ಇಬ್ಬರು ಮಕ್ಕಳೊಡನೆ ಮನೆಯೊಳಗೆ ಬಂದಿಯಾಗಿದ್ದಳು. ದೇವಾಲಯದ ಬಾಗಿಲು ಮುಚ್ಚಿತ್ತು. ಪ್ರಾರ್ಥನೆಗೆಂದು ಮೊಣಕಾಲೂರಿದರೆ ಒಂದು ವಾಕ್ಯವೂ ಕೊನೆಮುಟ್ಟುತ್ತಿರಲಿಲ್ಲ. ಅರ್ಧದಲ್ಲಿಯೇ ಕಣ್ಣು ಫೋನಿನ ಕಡೆಗೆ ಓಡುವುದು.

ಇಂಥ ಕಾಯುವಿಕೆಯನ್ನು ಅನುಭವಿಸಿದವರೇ ಬಲ್ಲರು. ಮಾಡಬೇಕಾದುದು ಏನೂ ಇಲ್ಲ, ಆದರೂ ಸುಮ್ಮನಿರಲಾಗದು. ಬೆಳಗಿನಿಂದ ಏಳು ಗಂಟೆಯವರೆಗೆ ಹೊತ್ತು ಸರಿಯುವುದಿಲ್ಲ. ಏಳು ಗಂಟೆಯಾದೊಡನೆ, ಇನ್ನೂ ಆಗದಿದ್ದರೆ ಚೆನ್ನಿತ್ತೆಂದು ಎದೆ ನಡುಗುವುದು. ನಾಲ್ಕನೆಯದೋ ಐದನೆಯದೋ ದಿನ ಅವ್ವ ಬ್ಯಾಡಗಿಯಿಂದ ನಮ್ಮಿಬ್ಬರಿಗೂ ಹೇಳಿದಳು: “ಫೋನ್ ನೋಡಕೋತ ಕುಂದರಬ್ಯಾಡ್ರಿ. ಟ್ರಂಕ್ ತಗೀರಿ, ಹಳೇ ಸೀರಿ ಹೊರಗ ಹಾಕ್ರಿ. ಮೂರೂ ಮಂದಿ ಕೂಡಿ ಒಂದ ಕೌದಿ ಹೊಲಿಯೂಣು.”

ಕೌದಿಯೆಂದರೇನೆಂದು ನಮ್ಮ ಸೀಮೆಯವರಿಗೆ ವಿವರಿಸುವ ಕಾರಣವಿಲ್ಲ. ಆದರೂ ದೂರದೂರುಗಳಲ್ಲಿ ನೆಲೆಸಿದ ಸೋದರಿಯರ ಮಕ್ಕಳಿಗಾಗಿ ಎರಡು ಮಾತು. ಗಟ್ಟಿಯಾದ ಹಳೆಯ ಸೀರೆಯೊಂದನ್ನು ಕೆಳಗೆ ಹಾಸಿ, ಅದರ ಮೇಲೆ ಸವೆದು ಮೆತ್ತಗಾದ ಧೋತರ ಸೀರೆಗಳ ಎರಡು ಮೂರು ಪದರುಗಳನ್ನು ಹರವಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿಗೆಯನ್ನು ಹಾಕುತ್ತ ಬರುವುದು. ಹೊಲಿಗೆ ಜೋಳದ ಕಾಳಿನಷ್ಟು ಇರಬೇಕು. ಸಾಲು ಸಾಲಿಗೆ ಬೆರಳಿನಷ್ಟು ಅಂತರವಿರಬೇಕು. ಹತ್ತಿಯ ಅರಿವೆಯೇ ಆಗಬೇಕು, ರೇಶಿಮೆ ಜಾರುತ್ತದೆ. ಬಾಣಂತಿಗೂ ತೊಟ್ಟಿಲಿಗೂ ಮುದುಕರ ಮೊಣಕಾಲಿಗೂ ಇದಕ್ಕಿಂತ ಹಿತವಾದ ಹೊದಿಕೆಯು ಮತ್ತೊಂದಿಲ್ಲ. ಕೊಂಡು ತರುವುದಕ್ಕೆ ಸೂಜಿ ದಾರಗಳ ಹೊರತು ಏನೂ ಬೇಕಾಗದು. ಅಂಗಡಿಗಳೆಲ್ಲ ಮುಚ್ಚಿದ್ದ ಆ ದಿನಗಳಿಗೆ ಒಪ್ಪುವ ಕೆಲಸವೇ ಸರಿ.

ಮೂರು ಊರುಗಳಿಂದ ಒಂದೇ ಕೌದಿಯನ್ನು ಹೊಲಿಯುವ ಬಗೆಯನ್ನು ಅವ್ವನೇ ಹೇಳಿಕೊಟ್ಟಳು. ಐದು ಮೊಳ ಉದ್ದ, ಒಂದೂವರೆ ಮೊಳ ಅಗಲದ ಒಂದೊಂದು ಪಟ್ಟೆಯನ್ನು ಒಬ್ಬೊಬ್ಬರು ಪೂರೈಸುವುದು; ದಾರಿ ತೆರೆದ ಮೇಲೆ ಮೂರನ್ನೂ ಕೂಡಿಸುವುದು. ಅವಳು ನಮ್ಮ ಅಪ್ಪನ ಧೋತರಗಳನ್ನು ತೆಗೆದಳು. ನಮ್ಮ ಕೈಗೆ ನಮ್ಮ ಹಳೆಯ ಶಾಲೆಯ ದಾವಣಿಯೊಂದು ಸಿಕ್ಕಿತು. ತಂಗಿಯು ಮಕ್ಕಳ ಕುಂಚಿಗೆಗಳನ್ನು ಬಿಚ್ಚಿದಳು. ಹಗಲೆಲ್ಲ ಫೋನುಗಳು ನಡೆಯುತ್ತಿದ್ದವು. ಆದರೆ ಮಾತು ಬೇರೆಯಾಗಿತ್ತು. “ನಿಂದು ಎಷ್ಟ ಸುತ್ತ ಆತು?” “ಅಂಚಿಗೆ ಯಾವ ಬಣ್ಣ ಹಾಕಿದಿ?” “ಮೂಲಿ ತಿರುಗೂ ಮುಂದ ಅರಿವಿ ಮುದುಡತೈತಿ, ಏನ ಮಾಡ್ಲಿ?” ಎಂಬ ಪ್ರಶ್ನೆಗಳು. ಭಯವು ಹೋಯಿತೆಂದು ನಾವು ಹೇಳುವುದಿಲ್ಲ. ಅದು ಅಲ್ಲಿಯೇ ಪಕ್ಕದಲ್ಲಿ ಕುಳಿತಿತ್ತು. ಆದರೆ ಮನೆಯೆಲ್ಲವನ್ನೂ ತುಂಬಿಕೊಂಡಿರಲಿಲ್ಲ. ಸಂಜೆಯ ಏಳು ಗಂಟೆಯು ಬರುವಾಗ ಕೈಯಲ್ಲಿ ಆ ದಿನದ ನಾಲ್ಕು ಸಾಲುಗಳಾದರೂ ಇರುತ್ತಿದ್ದವು. ಬರಿಗೈಯಿಂದ ಆ ಸಮಾಚಾರವನ್ನು ಎದುರುಗೊಳ್ಳಬೇಕಾಗಿರಲಿಲ್ಲ.

ಆಸ್ಪತ್ರೆಗೆ ಸೇರಿದ ಹತ್ತೊಂಬತ್ತನೆಯ ದಿನ ತಂಗಿಯ ಗಂಡ ತೀರಿಕೊಂಡರು. ಮಣ್ಣಿಗೆ ಬೆರಳೆಣಿಕೆಯ ಜನರಷ್ಟೇ ಹೋಗುವಂತಿತ್ತು. ನಾವೂ ಅವ್ವನೂ ಹೋಗಲಾಗಲಿಲ್ಲ. ತಂಗಿಯ ಪಟ್ಟೆಯು ಅರ್ಧಕ್ಕೆ ನಿಂತಿತು. ಸೂಜಿಯನ್ನು ಚುಚ್ಚಿದಲ್ಲಿಯೇ ಬಿಟ್ಟು ಅವಳದನ್ನು ಮಡಚಿಟ್ಟಳು. ಅವ್ವ ಅದರ ಸುದ್ದಿಯನ್ನೆತ್ತಲಿಲ್ಲ, ನಾವೂ ಎತ್ತಲಿಲ್ಲ. ಆದರೆ ನಮ್ಮ ನಮ್ಮ ಮನೆಗಳಲ್ಲಿ ನಾವಿಬ್ಬರೂ ಹೊಲಿಯುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಕೈಗಳನ್ನು ಎಲ್ಲಿಡಬೇಕೆಂಬುದು ತಿಳಿಯುತ್ತಿರಲಿಲ್ಲ.

ಜೂನ್ ತಿಂಗಳ ಕೊನೆಗೆ ದಾರಿ ತೆರೆಯಿತು. ನಾವು ಬ್ಯಾಡಗಿಗೆ ಹೋಗಿ ಅವ್ವನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆವು. ಆ ಮೊದಲ ದಿನಗಳನ್ನು ಇಲ್ಲಿ ವರ್ಣಿಸುವುದು ಬೇಡ. ಮೂರನೆಯ ದಿನ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿ, ತನ್ನ ಪಟ್ಟೆಯನ್ನೂ ನಮ್ಮ ಪಟ್ಟೆಯನ್ನೂ ಬಿಚ್ಚಿ, ಅಂಚಿಗೆ ಅಂಚನ್ನು ಕೂಡಿಸತೊಡಗಿದಳು. ತಂಗಿಯು ಗೋಡೆಗೊರಗಿ ನೋಡುತ್ತಿದ್ದಳು. ಒಂದು ಗೇಣು ಹೊಲಿದಿರಬಹುದು, ತಂಗಿಯ ಬಾಯಿಂದ ಆ ದಿನದ ಮೊದಲ ಮಾತು ಬಂದಿತು: “ಅವ್ವಾ, ನಿನ್ನ ಹೊಲಿಗಿ ಡೊಂಕಾಗಾಕತ್ತಾವ.” ಅವ್ವ ಸೂಜಿಯನ್ನು ಅವಳ ಕಡೆಗೆ ಹಿಡಿದಳು. ಅವಳು ಬಂದು ಕುಳಿತು ಆ ಗೇಣು ಹೊಲಿಗೆಯನ್ನು ಬಿಚ್ಚಿ, ಮತ್ತೆ ನೆಟ್ಟಗೆ ಹಾಕಿದಳು. ಐವತ್ತು ವರುಷ ಸೂಜಿ ಹಿಡಿದ ಅವ್ವನ ಕೈ ಆ ದಿನವೇ ಏಕೆ ಡೊಂಕಾಯಿತೆಂದು ನಾವು ಇಂದಿನವರೆಗೂ ಕೇಳಿಲ್ಲ.

ಅಂದಿನಿಂದ ತಂಗಿಯು ತನ್ನ ಪಟ್ಟೆಯನ್ನು ಮುಂದುವರಿಸಿದಳು. ಅದು ಮುಗಿದ ಮೇಲೆ, ಮೂರು ಪಟ್ಟೆಗಳು ಕೂಡುವಲ್ಲಿ ಮೇಲೆ ಕಟ್ಟುವುದಕ್ಕಾಗಿ ಉದ್ದನ್ನ ಎರಡು ಅರಿವೆಯ ಪಟ್ಟಿಗಳು ಬೇಕಾದವು. ಅವಳು ಒಳಗೆ ಹೋಗಿ ಗಂಡನ ಎರಡು ಅಂಗಿಗಳನ್ನು ತಂದಳು. ತಾನೇ ಅಳೆದಳು, ತಾನೇ ಕತ್ತರಿಸಿದಳು. ನೀಲಿಯ ಗೆರೆಗಳ ಆ ಅರಿವೆಯೇ ಈಗ ನಮ್ಮ ಮೂವರ ಪಟ್ಟೆಗಳನ್ನು ಹಿಡಿದಿಟ್ಟಿರುವುದು. ಆ ರಾತ್ರಿ ಅವಳು ನಮ್ಮೊಡನೆ ಹೇಳಿದ ಮಾತು ಇಷ್ಟು: “ಎಣಸೂ ಹೊತ್ತಿನ್ಯಾಗ ಅತ್ತಿಲ್ಲಕ್ಕಾ. ಮರತೂ ಇಲ್ಲ.”

ನಾವು ಈ ವಿಷಯದಲ್ಲಿ ಹೇಳಬೇಕೆಂದಿರುವುದೆಲ್ಲವೂ ಆ ಮಾತಿನಲ್ಲಿದೆ. ದುಃಖದಲ್ಲಿದ್ದವರಿಗೆ ಲೋಕವು ಎರಡೇ ದಾರಿಗಳನ್ನು ತೋರಿಸುತ್ತದೆ: ಅತ್ತು ಹಗುರಾಗು, ಇಲ್ಲವೆ ಮರೆತು ಮುಂದೆ ನಡೆ. ಎರಡೂ ಆಗದ ಹೊತ್ತೊಂದಿರುತ್ತದೆ. ಆ ಹೊತ್ತಿನಲ್ಲಿ, ಕಳೆದುಕೊಂಡವರನ್ನು ಬಳಿಯಲ್ಲಿಯೇ ಇಟ್ಟುಕೊಂಡು ಬದುಕಿನ ಒಂದು ಸಣ್ಣ ಕೆಲಸವನ್ನು ಮಾಡುವ ಮೂರನೆಯ ದಾರಿಯನ್ನು ಸೂಜಿ-ನೂಲುಗಳು ಕೊಡುತ್ತವೆ.

ಅದು ಹೇಗೆಂಬುದನ್ನು ವಿಚಾರಿಸಿ ನೋಡಿದರೆ ನಾಲ್ಕು ಕಾರಣಗಳು ತೋರುತ್ತವೆ. ಮೊದಲನೆಯದು ಎಣಿಕೆ. ಕಸೂತಿಯ ಎಳೆಯಾಗಲಿ ಹೆಣಿಗೆಯ ಕುಣಿಕೆಯಾಗಲಿ ಎಣಿಸದೆ ಮುಂದೆ ಸಾಗದು. ಎಣಿಸುವ ಮನಸ್ಸು ಅದೇ ಗಳಿಗೆಯಲ್ಲಿ ನಾಳಿನ ಭೀತಿಯನ್ನು ಹೆಣೆಯಲಾರದು. ಎರಡನೆಯದು, ಕೆಲಸವು ಕಣ್ಣೆದುರಿಗೆ ಬೆಳೆಯುವುದು. ರೋಗ, ಬರ, ಸಾಲ ಮೊದಲಾದ ಸಂಕಟಗಳಲ್ಲಿ ನಮ್ಮ ಪ್ರಯತ್ನದ ಫಲವು ಎಷ್ಟೋ ದಿನ ಕಾಣದು. ಇಲ್ಲಿ ಒಂದು ತಾಸಿಗೆ ನಾಲ್ಕು ಸಾಲು ಲೆಕ್ಕಕ್ಕೆ ಸಿಗುತ್ತವೆ. ಮೂರನೆಯದು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕಬಹುದು. ಬದುಕಿನಲ್ಲಿ ಬಿಚ್ಚಲಾಗದ ಗಂಟುಗಳನ್ನು ಕಂಡು ಸೋತವರಿಗೆ ಬಿಚ್ಚಲು ಬರುವ ಹೊಲಿಗೆಯೊಂದು ದೊಡ್ಡ ಸಮಾಧಾನವು. ನಾಲ್ಕನೆಯದು ಎಲ್ಲಕ್ಕೂ ಮಿಗಿಲಾದುದು: ಹೊಲಿದ ಅರಿವೆಯು ಯಾರದಾದರೊಬ್ಬರ ಮೈಯನ್ನು ಮುಚ್ಚುತ್ತದೆ. ಕಾಯುವವನ ಹೊತ್ತು ವ್ಯರ್ಥವಾಗದೆ ಇನ್ನೊಬ್ಬರಿಗೆ ಬೆಚ್ಚನೆಯ ರಾತ್ರಿಯಾಗಿ ಮುಟ್ಟುತ್ತದೆ.

ಇದನ್ನು ನಮ್ಮ ಸೀಮೆಯವರಷ್ಟೇ ಕಂಡುಕೊಂಡವರಲ್ಲ. ನಮ್ಮ ಜಿಲ್ಲೆಗೆ ತಗುಲಿಕೊಂಡಿರುವ ಮುಂಡಗೋಡ, ಅದರಾಚೆಯ ಯಲ್ಲಾಪುರ, ಹಳಿಯಾಳಗಳ ಕಾಡಿನ ಊರುಗಳಲ್ಲಿ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳಲ್ಲಿ ಹೆಸರಾಗಿವೆ. ಅವರೂ ಅಂಚಿನಿಂದ ಆರಂಭಿಸಿ ಒಳಗೆ ಒಳಗೆ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಹೂವೆಂದು ಕರೆಯುವ ಸಣ್ಣ ತುಂಡುಗಳನ್ನಿಡದೆ ಕೌದಿಯು ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಅವರಲ್ಲಿ ಕ್ರೈಸ್ತರಾದ ಸೋದರಿಯರು ಶಿಲುಬೆಯ ಗುರುತನ್ನೂ ಹೊಲಿಯುವುದುಂಟು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಯುರೋಪಿನ ಹೆಂಗಸರು ರಣರಂಗದಲ್ಲಿದ್ದ ಮಕ್ಕಳಿಗಾಗಿ ಉಣ್ಣೆಯ ಕಾಲುಚೀಲಗಳನ್ನು ಹೆಣೆದರು. ಗಾಯಗೊಂಡು ಮರಳಿದ ಸೈನಿಕರಿಗೆ ನೇಯ್ಗೆ, ಕಸೂತಿಗಳನ್ನು ಕಲಿಸಿ ಕೈಗೂ ಮನಸ್ಸಿಗೂ ಚೇತರಿಕೆಯನ್ನು ತಂದರು. ಅದೇ ಕಾಲದಲ್ಲಿ, 1917ರಲ್ಲಿ, ಕೈಕೆಲಸದ ಮೂಲಕ ಚಿಕಿತ್ಸೆ ಮಾಡುವ ವಿದ್ಯೆಗಾಗಿ ಅಮೆರಿಕೆಯಲ್ಲಿ ಸಂಘವು ಹುಟ್ಟಿತು. ಆ ನಾಡಿನಲ್ಲಿ ಜನಿಸಿ ನಮ್ಮ ದೇಶದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಎಂಬ ಮಹಿಳೆಯು 1950ರಲ್ಲಿ ಮುಂಬಯಿಯಲ್ಲಿ ಆ ವಿದ್ಯೆಯ ಶಾಲೆಯನ್ನು ತೆರೆದಳು. ನಮ್ಮ ಅವ್ವ ಅದರ ಹೆಸರನ್ನೂ ಕೇಳಿದವಳಲ್ಲ. ಆದರೂ ಟ್ರಂಕನ್ನು ತೆಗೆಯಿರೆಂದಾಗ ಅವಳು ಹೇಳಿದುದು ಆ ವಿದ್ಯೆಯ ಮೊದಲ ಪಾಠವನ್ನೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಆಡದಿದ್ದರೆ ನ್ಯಾಯವಾಗದು. ಸೂಜಿಯು ಔಷಧವಲ್ಲ. ಅದು ನಮ್ಮ ತಂಗಿಯ ಗಂಡನ ಉಸಿರನ್ನು ಉಳಿಸಲಿಲ್ಲ. ದುಃಖವು ಬಲಿತು ರಾತ್ರಿಯೆಲ್ಲ ನಿದ್ದೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆನಿಸತೊಡಗಿದಾಗ ವೈದ್ಯರ ಬಳಿಗೆ ಹೋಗಬೇಕೇ ಹೊರತು ಸೂಜಿಯನ್ನು ಕೊಟ್ಟು ಸುಮ್ಮನಿರಿಸುವುದು ತಪ್ಪು. ಹಾಗೆಯೇ ಅನ್ಯಾಯವಾದಲ್ಲಿ ಸಾಂತ್ವನವು ಸಾಲದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು ರೈತರು ರೊಚ್ಚಿಗೆದ್ದರು. ಅವರಿಗೆ ಬೇಕಾಗಿದ್ದುದು ತಕ್ಕ ಬೆಲೆಯೇ ಹೊರತು ಕೌದಿಯಲ್ಲ. ಇನ್ನು ಹಗಲೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಬೆರಳುಗಳಿಂದ ರಾತ್ರಿ ಕೂಲಿಗಾಗಿ ಹೊಲಿಯುವ ಹೆಂಗಸಿಗೆ ಸೂಜಿಯು ಸುಖವೆಂದು ನಾವು ಉಪದೇಶಿಸಹೊರಟರೆ ಅದು ನಗೆಗೇಡಾಗುವುದು. ಹೊಟ್ಟೆಯ ಹೊಲಿಗೆ ಬೇರೆ, ಮನಸ್ಸಿನ ಹೊಲಿಗೆ ಬೇರೆ. ಮೊದಲನೆಯದಕ್ಕೆ ನ್ಯಾಯವಾದ ಕೂಲಿ ಸಲ್ಲಬೇಕು. ಎರಡನೆಯದಕ್ಕೆ ಒಂದಿಷ್ಟು ಬಿಡುವು ಸಲ್ಲಬೇಕು.

ಪವ್ರಿತ್ರಗ್ರಂಥವನ್ನು ಓದುವ ನಮ್ಮ ಸೋದರಿಯರಿಗೆ ಅಪೊಸ್ತಲರ ಕೃತ್ಯಗಳ ಒಂಭತ್ತನೆಯ ಅಧ್ಯಾಯದಲ್ಲಿ ಬರುವ ಯೊಪ್ಪ ಊರಿನ ತಬಿಥಾಳ ನೆನಪಾಗಬಹುದು; ಅವಳಿಗೆ ದೊರ್ಕಳೆಂಬ ಹೆಸರೂ ಇತ್ತು. ಅವಳು ತೀರಿಕೊಂಡಾಗ ವಿಧವೆಯರು ಪೇತ್ರನ ಸುತ್ತಲೂ ನಿಂತು ಅಳುತ್ತ, ಅವಳು ತಮ್ಮ ಸಂಗಡ ಇದ್ದಾಗ ಮಾಡಿದ ಅಂಗಿ ವಸ್ತ್ರಗಳನ್ನು ತೋರಿಸಿದರು. ಅವಳು ಆಡಿದ ಒಂದು ಮಾತೂ ಆ ಅಧ್ಯಾಯದಲ್ಲಿ ಇಲ್ಲ. ಅವಳು ಹೊಲಿದ ಅರಿವೆಗಳೇ ಅವಳ ಪರವಾಗಿ ಮಾತಾಡಿದವು. ಚಿಕ್ಕವರಿದ್ದಾಗ ನಾವು ಈ ಕಥೆಯನ್ನು ಪರೋಪಕಾರದ ಪಾಠವೆಂದು ಓದಿದೆವು. ಈಗ ಓದುವಾಗ ನಮ್ಮ ಕಣ್ಣು ಆ ವಿಧವೆಯರ ಕೈಗಳ ಮೇಲೆ ನಿಲ್ಲುತ್ತದೆ. ಹೇಳಿಕೊಳ್ಳಲಾಗದ ದುಃಖವನ್ನು ಅವರು ಅರಿವೆಯನ್ನು ಎತ್ತಿಹಿಡಿದು ತೋರಿಸಿದರು.

ಪಾಲಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ನಿಮ್ಮ ಮಗಳು ವೈದ್ಯಳಾಗಲಿ, ಇಂಜಿನಿಯರಾಗಲಿ, ದೂರದ ದೇಶಕ್ಕೆ ಹೋಗಲಿ. ಅದೆಲ್ಲವೂ ನಮಗೂ ಹರುಷದ ಸಂಗತಿಯೇ. ಆದರೆ ಅವಳೂ ಎಂದಾದರೊಂದು ದಿನ ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಕುಳಿತು ಒಂದು ಸಮಾಚಾರಕ್ಕಾಗಿ ಕಾಯಬೇಕಾದೀತು. ಆ ದಿನ ಅವಳಿಗೆ ಪರೀಕ್ಷೆಯ ನಾಲ್ಕು ಅಂಕಗಳು ಉಪಯೋಗಕ್ಕೆ ಬಾರವು. ವಾರದಲ್ಲಿ ಎರಡು ತಾಸು ಕಲಿತ ಕೈಯ ವಿದ್ಯೆಯೊಂದು ಉಪಯೋಗಕ್ಕೆ ಬಂದೀತು. ಇದು ಹುಡುಗಿಯರಿಗೆ ಮಾತ್ರ ಸಲ್ಲುವ ವಿದ್ಯೆಯೆಂದೂ ನಾವು ಹೇಳುವುದಿಲ್ಲ. ತಂಗಿಯ ಹಿರಿಯ ಮಗನು ಆ ಬೇಸಗೆಯಲ್ಲಿಯೇ ಸೂಜಿಗೆ ದಾರವನ್ನು ಪೋಣಿಸಿಕೊಡುತ್ತ ಪೋಣಿಸಿಕೊಡುತ್ತ ತಾನೂ ಎರಡು ಸಾಲು ಹೊಲಿದನು. ಅವನ ಸಾಲುಗಳನ್ನು ಯಾರೂ ಬಿಚ್ಚಲಿಲ್ಲ.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ಒಂದು ಬಿನ್ನಹವುಂಟು. ಮುಂದಿನ ಸ್ನೇಹಸಮ್ಮೇಳನಕ್ಕೆ ಬರುವಾಗ ಒಬ್ಬೊಬ್ಬರು ಒಂದೊಂದು ಹಳೆಯ ಹತ್ತಿಯ ಸೀರೆಯನ್ನು ತೊಳೆದು ಮಡಚಿ ತನ್ನಿರಿ. ಅವ್ವಂದಿರ ಸೀರೆಯಾದರೆ ಇನ್ನೂ ಲೇಸು. ಎಂಟನೆಯ ಇಯತ್ತೆಯ ಹುಡುಗಿಯರು ಹೊಲಿಗೆಯ ತಾಸಿನಲ್ಲಿ ಅವುಗಳಿಂದ ತೊಟ್ಟಿಲ ಕೌದಿಗಳನ್ನು ಹೊಲಿಯಲಿ. ನಮ್ಮ ಮೂರು ಊರುಗಳ ಹೆರಿಗೆಯ ಆಸ್ಪತ್ರೆಗಳಲ್ಲಿ ಹುಟ್ಟುವ ಬಡ ಕೂಸುಗಳಿಗೆ ಅವು ಸಲ್ಲಲಿ. ಮುಖ್ಯಾಧ್ಯಾಪಿನಿಯವರು ಇದಕ್ಕೆ ಒಪ್ಪಿಗೆಯನ್ನಿತ್ತರೆ ಮೊದಲನೆಯ ದಿನ ಅಂಚನ್ನು ಹಿಡಿದುಕೊಡಲು ನಾವೂ ನಮ್ಮ ತಂಗಿಯೂ ಬರಲು ಸಿದ್ಧರಿದ್ದೇವೆ. ಅವ್ವನಿಗೆ ಈಗ ಸೂಜಿಯ ಕಣ್ಣು ಸರಿಯಾಗಿ ಕಾಣದು. ಆದರೂ ಹೊಲಿಗೆ ನೆಟ್ಟಗಿದೆಯೋ ಡೊಂಕಾಗಿದೆಯೋ ಎಂಬುದನ್ನು ಬೆರಳಾಡಿಸಿಯೇ ಹೇಳುತ್ತಾಳೆ. ಅವಳನ್ನೂ ಕರೆತರುವೆವು.